ಹೊಲ ಸೋಲಾರ್‌ಗೆ ಕೊಡುವ ಮುಂಚೆ ಲೆಕ್ಕ ಹಾಕಿ

ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯ ಸೋಲಾರ್ ಪಾರ್ಕ್ ವಿಷಯ ಎಲ್ಲರೂ ಕೇಳಿರುತ್ತೀರಿ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರಿನ ಸುಮಾರು 13,000 ಎಕರೆ. 2018ರಲ್ಲಿ ಉದ್ಘಾಟನೆ ಆಯಿತು. ಈಗ 2,050 ಮೆಗಾವ್ಯಾಟ್. ಜಮೀನು ಕೊಂಡಿಲ್ಲ, 28 ವರ್ಷಕ್ಕೆ ಗುತ್ತಿಗೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ.

ಹೋದ ವರ್ಷ ನಮ್ಮೂರಿಗೂ ಜಮೀನು ಕೇಳಿಕೊಂಡು ಒಬ್ಬರು ಬಂದರು. ನಮ್ಮದು ಐದು ಎಕರೆ ಖುಷ್ಕಿ, ಕಡ್ಲೆಕಾಯಿ ಭೂಮಿ. ನಾಲ್ಕು ವರ್ಷದಲ್ಲಿ ಎರಡು ವರ್ಷ ಹಾಕಿದ ಬೀಜವೂ ಬರಲ್ಲ. ತಮ್ಮ "ಕೊಟ್ಟುಬಿಡೋಣ ಅಣ್ಣಾ" ಅಂದ. ಅವನ ಮಾತು ಸುಳ್ಳಲ್ಲ. ಆದರೂ ನಾನು ಆ ಕಡೆ ನೆಂಟರ ಮನೆಗೆ ಹೋಗಿ ಎರಡು ದಿನ ಇದ್ದು ನೋಡಿ ಬಂದೆ. ನೋಡಿದ್ದು, ಯೋಚನೆ ಮಾಡಿದ್ದು ಇಲ್ಲಿ ಬರೆದಿದ್ದೇನೆ.

ದುಡ್ಡಿನ ಲೆಕ್ಕ: ಮಳೆ ಬರಲಿ ಬಿಡಲಿ ಬಾಡಿಗೆ ಬರುತ್ತೆ. ನೆಂಟರು ಸಾಲ ತೀರಿಸಿ, ಮಗಳನ್ನು ಓದಿಸ್ತಾ ಇದ್ದಾರೆ. ಇದು ದೊಡ್ಡದೇ. ಆದರೆ ಏರಿಕೆ ಗಮನಿಸಿ. 21,000 ರೂಪಾಯಿ 14 ವರ್ಷ ಕಳೆದಾಗ ಸುಮಾರು 29,500 ಆಗುತ್ತೆ. ಸಾಮಾನಿನ ಬೆಲೆ ವರ್ಷಕ್ಕೆ ಶೇಕಡಾ 5 ಏರಿದರೆ ಅಷ್ಟರಲ್ಲಿ ಎರಡರಷ್ಟಾಗಿರುತ್ತೆ. ಅಂದರೆ ಆವತ್ತಿನ 29,500ಕ್ಕೆ ಇವತ್ತಿನ 15,000 ರೂಪಾಯಿಯ ಸಾಮಾನು ಅಷ್ಟೇ. ಆದ್ದರಿಂದ ಮೊದಲ ಬಾಡಿಗೆ ಎಷ್ಟು ಅಂತ ಕೇಳಿದರೆ ಸಾಲದು, ಏರಿಕೆ ಎಷ್ಟು ಅಂತ ಕೇಳಬೇಕು.

ಕೂಲಿಯವರು: ಬಾಡಿಗೆ ಬರೋದು ಪಹಣಿ ಇದ್ದವರಿಗೆ. ನಮ್ಮ ಹೊಲದಲ್ಲಿ ಕಳೆ ತೆಗೆಯೋಕೆ, ಕಾಯಿ ಬಿಡಿಸೋಕೆ ಬರುವ ಹೆಂಗಸರಿಗೆ ಪಹಣಿ ಇಲ್ಲ. ಪಾರ್ಕಿನಲ್ಲಿ ಹುಲ್ಲು ಕೊಯ್ಯೋದು, ಪ್ಯಾನೆಲ್ ತೊಳೆಯೋದು, ಕಾವಲು ಇಂಥ ಕೆಲಸ ಉಂಟು. ಆದರೆ ಹೋದ ಕೂಲಿಯಷ್ಟೂ ವಾಪಸ್ ಬಂದಿಲ್ಲ. ಈ ಸಂಗತಿ ಹೇಳಿದಾಗ ನಮ್ಮ ಹೊಲಕ್ಕೆ ಇಪ್ಪತ್ತು ವರ್ಷದಿಂದ ಬರುವ ಅಕ್ಕ, "ನಮ್ಮನ್ನ ಯಾರು ಗುತ್ತಿಗೆಗೆ ತಗೊಂಡಾರಪ್ಪ?" ಅಂದಳು. ನನಗೆ ಉತ್ತರ ಹೊಳೀಲಿಲ್ಲ.

ಕುರಿ, ಗೊಬ್ಬರ: ಬೇಲಿ ಬಿದ್ದ ಮೇಲೆ ಕುರಿಯವರು ದೂರ ಸುತ್ತಬೇಕು. ಎಷ್ಟೋ ಮಂದಿ ಕುರಿ ಮಾರಿದರು. ಕುರಿ ಕಡಿಮೆಯಾದರೆ ಉಳುಮೆ ಮಾಡುವವನ ಹೊಲಕ್ಕೂ ಗೊಬ್ಬರ ಇಲ್ಲ. ಕಡ್ಲೆಕಾಯಿ ಹೊಟ್ಟು ಇಲ್ಲದೆ ದನಕ್ಕೆ ಮೇವೂ ಕೊಳ್ಳಬೇಕು.

ಮನೆಯೊಳಗಿನ ಪಾಲು: ನಮ್ಮ ಪಹಣಿ ಇನ್ನೂ ತೀರಿಕೊಂಡ ಅಪ್ಪನ ಹೆಸರಲ್ಲೇ ಇತ್ತು. ಪೌತಿ ಖಾತೆ ಆಗದೆ ಕರಾರು ಆಗಲ್ಲ. 2005ರ ಕಾನೂನು ತಿದ್ದುಪಡಿ ಆದ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು. ನಮ್ಮ ತಂಗಿ ಯಾವತ್ತೂ ಕೇಳಿರಲಿಲ್ಲ. ಕಷ್ಟದ ಬೆಳೆಯಲ್ಲಿ ಪಾಲು ಕೇಳದವಳಿಗೆ ಬಾಡಿಗೆಯಲ್ಲಿ ಇಲ್ಲ ಅನ್ನೋದು ಸರಿಯಾ? ಮೂರು ಪಾಲು ಅಂತ ಮೊದಲೇ ಕೂತು ಮಾತಾಡಿದೆವು.

ಕರಾರು: ಕನ್ನಡದಲ್ಲಿ ಓದಿಸಿಕೊಂಡು, ಇಷ್ಟನ್ನು ಕೇಳಿ. ಬಾಡಿಗೆ ಯಾವ ತಿಂಗಳು ಬರುತ್ತೆ? ತಡವಾದರೆ ಬಡ್ಡಿ ಉಂಟಾ? ಕಂಪನಿ ಕೈ ಬದಲಾದರೆ ಕೊಡುವವರು ಯಾರು? ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು ಕೀಳುವವರು ಯಾರು? ಒಡೆದ ಬದು ಕಟ್ಟಿಕೊಡುವವರು ಯಾರು? ಬಾಯಿಮಾತು ನಂಬಬೇಡಿ.

ಎಲ್ಲಾ ಕೊಡದೆಯೂ ದಾರಿ ಉಂಟು. 2019ರಲ್ಲಿ ಬಂದ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ನಿಗೆ ಐದು ಕಿಲೋಮೀಟರ್ ಒಳಗಿನ ಜಮೀನಿನಲ್ಲಿ ಅರ್ಧದಿಂದ ಎರಡು ಮೆಗಾವ್ಯಾಟ್‌ನ ಸಣ್ಣ ಘಟಕ ಹಾಕಲು ಅವಕಾಶ ಇಟ್ಟರು. ರೈತರ ಗುಂಪು, ಸಹಕಾರ ಸಂಘಗಳೂ ಹಾಕಬಹುದು.

ನಾವು ಕಲ್ಲುಗುಂಡಿನ ಎರಡು ಎಕರೆ ಮಾತ್ರ ಕೊಡೋದು, ಮೂರು ಎಕರೆ ಉಳುಮೆಗೆ ಇಟ್ಟುಕೊಳ್ಳೋದು ಅಂತ ತೀರ್ಮಾನ ಮಾಡಿದ್ದೇವೆ. ಅವರು "ಪೂರ್ತಿ ಕೊಟ್ಟರೆ ಮಾತ್ರ" ಅಂತಿದ್ದಾರೆ. ತಮ್ಮನಿಗೆ ಇನ್ನೂ ಪೂರ್ತಿ ಕೊಡೋ ಆಸೆ. ನನಗೆ ಈಗ ಐವತ್ತಾರು. ಗುತ್ತಿಗೆ ಮುಗಿಯೋ ಹೊತ್ತಿಗೆ ಎಂಬತ್ತನಾಲ್ಕು. ಹೊಲ ವಾಪಸ್ ಬರುವಾಗ ನೇಗಿಲು ಹಿಡಿಯೋಕೆ ಗೊತ್ತಿರುವವರು ಮನೆಯಲ್ಲಿ ಒಬ್ಬರಾದರೂ ಇರಬೇಕಲ್ಲ, ಆ ಮೂರು ಎಕರೆ ಅದಕ್ಕೆ. ಗುತ್ತಿಗೆಗೆ ಕೊಟ್ಟು ಅನುಭವ ಆದವರು ದಯವಿಟ್ಟು ಪತ್ರಿಕೆಗೆ ಬರೆಯಿರಿ.