ಮೊದಲು ಓಡುವುದನ್ನು ಕಲಿ, ಮಗಳೇ

ಮುದ್ದಿನ ಮೊಮ್ಮಗಳೇ,

ಜೂಡೋ ತರಗತಿಯಲ್ಲಿ ಆತ್ಮರಕ್ಷಣೆಯ ಗೋಶಿನ್ ಜುತ್ಸು ಶುರುವಾಯಿತೆಂದೂ, ಚಾಕು ಹಿಡಿದು ಬಂದವನ ಕೈ ತಿರುಚಿ ಕೆಡವುವುದನ್ನು ಕಲಿತೆಯೆಂದೂ ನಿನ್ನ ಪತ್ರದಲ್ಲಿ ಓದಿ ಹಿಗ್ಗಿದೆ. ಆದರೆ ‘ಇನ್ನು ನನಗೆ ಯಾವ ಚಾಕುವಿನ ಭಯವೂ ಇಲ್ಲ’ ಎಂದು ಬರೆದಿದ್ದೀಯಲ್ಲ, ಆ ಸಾಲು ನನ್ನ ನಿದ್ದೆ ಕೆಡಿಸಿತು. ಆಯುಷ್ಯವೆಲ್ಲ ಮ್ಯಾಟ್ ಮೇಲೆ ಕಳೆದವನು ನಾನು; ಈ ಮಾತು ನಿನಗೆ ಹೇಳಲೇಬೇಕು.

ನೀನು ಕಲಿಯುತ್ತಿರುವುದು ಟೋಕಿಯೋದ ಜೂಡೋ ಸಂಸ್ಥೆ ಕೊಡೋಕಾನ್ 1956ರಲ್ಲಿ ರೂಪಿಸಿದ ಕಾತಾ, ಅಂದರೆ ಮೊದಲೇ ಗೊತ್ತುಮಾಡಿದ ವರಸೆಗಳ ಸರಣಿ. ಅದರ 21 ವರಸೆಗಳಲ್ಲಿ ಚಾಕುವಿಗೆ ಮೀಸಲಾದವು ಮೂರೇ. ಎದುರಿನವನು ಯಾವ ಕೈ ಎತ್ತುತ್ತಾನೆ, ಎತ್ತ ಇರಿಯುತ್ತಾನೆ ಎಂಬುದು ನಿನಗೆ ಮೊದಲೇ ಗೊತ್ತು. ಕೈ ಚಾಚಿದವನು ನೀನು ಮಣಿಕಟ್ಟು ಹಿಡಿಯುವ ತನಕ ಕಾಯುತ್ತಾನೆ. ದೂರ ಅಳೆಯಲು, ದಾಳಿಯ ದಾರಿಯಿಂದ ಪಕ್ಕಕ್ಕೆ ಸರಿಯಲು, ಎದುರಾಳಿಯ ಸಮತೋಲ ಕೆಡಿಸಲು ಮೈಯನ್ನು ಹದಗೊಳಿಸುವುದು ಕಾತಾದ ಕೆಲಸ. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ.

ಬೀದಿಯಲ್ಲಿ ಇರಿಯುವವನು ನಿನಗಾಗಿ ಕಾಯುವುದಿಲ್ಲ. ಚಾಕುವನ್ನು ತೊಡೆಯ ಹಿಂದೆ ಮರೆಸಿಟ್ಟು ಹತ್ತಿರ ಬರುತ್ತಾನೆ. ಒಂದು ಕೈಯಲ್ಲಿ ಬಟ್ಟೆ ಹಿಡಿದೆಳೆದು, ಇನ್ನೊಂದರಲ್ಲಿ ಹೊಲಿಗೆ ಯಂತ್ರದ ಸೂಜಿಯಂತೆ ಚುಚ್ಚಿ ಚುಚ್ಚಿ ತೆಗೆಯುತ್ತಾನೆ. ಗುದ್ದು ಬಿತ್ತೆಂದುಕೊಂಡವರಿಗೆ ರಕ್ತ ಕಂಡ ಮೇಲಷ್ಟೇ ಅದು ಚಾಕುವೆಂದು ತಿಳಿಯುವುದುಂಟು. ಎದೆ ಡವಗುಟ್ಟುವಾಗ ಬೆರಳುಗಳ ನಾಜೂಕಿನ ಹಿಡಿತ ತಪ್ಪುತ್ತದೆ. ರಕ್ತ ಬಿದ್ದ ಮಣಿಕಟ್ಟು ಜಾರುತ್ತದೆ.

ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲಿ ಒಂದು ಲೇಖನ ಬರೆದರು. ಚಾಕು ಹಿಡಿದವನು 21 ಅಡಿಯನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಬಲ್ಲ ಎಂದು ಅವರು ತೋರಿಸಿದರು. ಸೊಂಟದ ಪಿಸ್ತೂಲು ತೆಗೆದು ಗುಂಡು ಹಾರಿಸಲು ಪಳಗಿದ ಪೊಲೀಸನಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಹಾಗಿರುವಾಗ ಬರಿಗೈಯವರ ಪಾಡೇನು?

ನನ್ನ ಮಾತನ್ನು ಸುಮ್ಮನೆ ನಂಬಬೇಡ, ಪರೀಕ್ಷಿಸಿ ನೋಡು. ಗುರುಗಳ ಎದುರಿನಲ್ಲೇ, ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡು, ಹಳೆಯ ಬಿಳಿ ಅಂಗಿ ತೊಡು. ರಬ್ಬರ್ ಚಾಕುವಿನ ಅಂಚಿಗೆ ಲಿಪ್‌ಸ್ಟಿಕ್ ಸವರಿ ಗೆಳತಿಯ ಕೈಗೆ ಕೊಡು. ‘ಮನಸ್ಸಿಗೆ ಬಂದಂತೆ ಇರಿ, ನಾನು ಹಿಡಿದರೂ ಬಿಡಿಸಿಕೊಂಡು ಮತ್ತೆ ಇರಿ’ ಎನ್ನು. ಆಮೇಲೆ ಅಂಗಿಯ ಮೇಲಿನ ಕೆಂಪು ಗೆರೆಗಳನ್ನು ಎಣಿಸು. ಗಾಯವೇ ಇಲ್ಲದೆ ಚಾಕು ಕಸಿಯುವ ವರಸೆಯನ್ನು ಖಾತರಿಯಾಗಿ ಕಲಿಸುತ್ತೇನೆ ಎನ್ನುವವರ ಬಳಿ ಕಲಿಯಬೇಡ.

ಹಾಗಾದರೆ ಏನು ಮಾಡುವುದು? ಪರ್ಸ್ ಕೇಳಿದರೆ ಎಸೆದುಬಿಡು. ದಾರಿ ಇದ್ದರೆ ಕೂಗುತ್ತಾ ಓಡು. ನಿನಗೂ ಅವನಿಗೂ ನಡುವೆ ಮೇಜು, ಕಾರು, ಬಾಗಿಲು, ಏನಾದರೂ ಇರಲಿ. ಚೀಲವನ್ನು ಗುರಾಣಿ ಮಾಡಿಕೋ. ಯಾವ ದಾರಿಯೂ ಇಲ್ಲದಾಗ ಮಾತ್ರ ಎರಡೂ ಕೈಯಿಂದ ಅವನ ಚಾಕುವಿನ ತೋಳನ್ನು ತಬ್ಬಿ ಹಿಡಿ, ದೂಡು, ಕೆಡವು, ಬಿಡುವು ಸಿಕ್ಕ ಕ್ಷಣ ಓಡು. ನಮ್ಮ ಭಾರತೀಯ ನ್ಯಾಯ ಸಂಹಿತೆ ಆತ್ಮರಕ್ಷಣೆಯ ಹಕ್ಕು ಕೊಟ್ಟಿದೆ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂಬ ಮಿತಿಯನ್ನೂ ಹಾಕಿದೆ. ಹಾಗಾಗಿ ಅವನು ಬಿದ್ದ ಮೇಲೆ ಅಲ್ಲಿ ನಿಲ್ಲಬೇಡ.

ಇಷ್ಟನ್ನು ಕಲಿಸುವ ತರಗತಿಗಳೂ ಹಲವೊಮ್ಮೆ ರಕ್ತಸ್ರಾವ ನಿಲ್ಲಿಸುವುದನ್ನು ಬಿಟ್ಟುಬಿಡುತ್ತವೆ. ಗಾಯದ ಮೇಲೆ ಸ್ವಚ್ಛ ಬಟ್ಟೆಯಿಟ್ಟು ಬಲವಾಗಿ ಒತ್ತಿ ಹಿಡಿಯಬೇಕು. ನೆಟ್ಟ ಚಾಕುವನ್ನು ಕೀಳಬಾರದು. ಕೂಡಲೇ 112ಕ್ಕೆ ಕರೆ ಮಾಡಬೇಕು.

ಜೂಡೋ ಬಿಡಬೇಡ. ಬೀಳುವುದನ್ನು, ಏಳುವುದನ್ನು, ಹೆದರಿದಾಗಲೂ ಉಸಿರು ಹಿಡಿತದಲ್ಲಿಡುವುದನ್ನು ಅದು ಕಲಿಸುತ್ತದೆ. ಈ ವಾರವೇ ಪ್ರಥಮ ಚಿಕಿತ್ಸೆಯ ತರಬೇತಿಗೆ ಹೆಸರು ಕೊಡು, ನಿನ್ನ ತರಗತಿಯ ಗೆಳತಿಯರನ್ನೂ ಕರೆದುಕೊಂಡು ಹೋಗು. ಚಾಕುವಿನ ಎದುರು ಗೆಲುವೆಂದರೆ ಜೀವಂತವಾಗಿ ಮನೆ ಸೇರುವುದು, ಮಗಳೇ. ಪ್ರತಿ ಸಲವೂ ಹಾಗೇ ಗೆದ್ದು ಬಾ.

ಇಂತಿ,
ನಿನ್ನ ಅಜ್ಜ