ಪಹಣಿಯಲ್ಲಿ ಯಾರ ಹೆಸರು?

ನಾವು ಹುಣಸೂರು ಸೀಮೆಯ ಹೆಂಗಸರು. ಹೊಗೆಸೊಪ್ಪು ನೆಡುತ್ತೇವೆ, ಮುರಿಯುತ್ತೇವೆ. ರಾತ್ರಿಯೆಲ್ಲ ಬ್ಯಾರನ್ನಿಗೆ ಬೆಂಕಿ ಹಾಕುತ್ತೇವೆ. ರಾಗಿ ಹೊಲದ ಕಳೆ ಕೀಳೋದೂ ನಾವೇ. ಪಹಣಿಯಲ್ಲಿ ಹೆಸರು ಮಾತ್ರ ಅಪ್ಪನದು, ಅಣ್ಣನದು.

"ಮದುವೆ ಆದವಳಿಗೆ ಏನು ಪಾಲು?" ಅಂತಾರೆ. ಇದು ತಪ್ಪು. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. 2005ರಲ್ಲಿ ಕಾನೂನು ಹೀಗೆ ತಿದ್ದುಪಡಿ ಆಯಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮವಾಗಿ ಭಾಗ ಆಗಿದ್ದರೆ ಅದು ಬದಲಾಗದು.

ಅರಿಶಿನ ಕುಂಕುಮಕ್ಕೆ ಅಂತ ಸ್ವಲ್ಪ ದುಡ್ಡು ಕೊಡ್ತಾರೆ. ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ತಾರೆ. ಈಗ ನಮಗೆ ಓದಲು ಬರುತ್ತೆ. ಓದದೆ ಸಹಿ ಹಾಕಬಾರದು.

ಪಹಣಿ ನಾಡಕಚೇರಿಯಲ್ಲಿ ಸಿಗುತ್ತೆ. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡೂ ಇಲ್ಲ. ಅಕ್ಕ, ಸರ್ವೆ ನಂಬರ್ ಬರೆದುಕೊಂಡು ಬನ್ನಿ. ಸೋಮವಾರ ಒಟ್ಟಿಗೇ ಹೋಗೋಣ.