ಅಳ್ಳಿನ ಜೋಳ, ಜವೆ ಗೋದಿ: ಊರ ಬೀಜ ಬ್ಯಾಂಕಿನ ನಿರ್ವಹಣೆ

ನಾಗರ ಪಂಚಮಿ ಬಂದರೆ ಅಥಣಿ ತಾಲೂಕಿನ ಕೊಕಟನೂರ ಸುತ್ತಿನ ಸೀಮೆಯಲ್ಲಿ ಜೋಳದ ಅಳ್ಳು ಹುರಿಯುವ ಪದ್ಧತಿ ಹಿಂದಿನಿಂದಲೂ ಉಂಟು. ಇದಕ್ಕೆ ಎಲ್ಲ ಜೋಳವೂ ಆಗಿಬರುವುದಿಲ್ಲ. ಕಾಳು ಸಣ್ಣದಾಗಿದ್ದು ಗಟ್ಟಿ ಸಿಪ್ಪೆಯದಾಗಿರಬೇಕು. ಅಂಥ ಅಳ್ಳಿನ ಜೋಳವನ್ನು ಹಿರಿಯರು ಹೊಲದ ಅಂಚಿಗೆ ನಾಲ್ಕು ಸಾಲು ಬಿತ್ತಿಕೊಳ್ಳುತ್ತಿದ್ದರು. ಸೀತನಿಗೆಂದು ಸಕ್ಕರಿ ಮುಕ್ಕರಿ ಜೋಳ, ಹುಗ್ಗಿ ಮಾದಲಿಗೆಂದು ಜವೆ ಗೋದಿ ಬೇರೆ ಇರುತ್ತಿದ್ದವು. ನೀರಾವರಿ ಬಂದಲ್ಲಿ ಕಬ್ಬು ಹೊಲ ತುಂಬಿತು. ಉಳಿದ ಎರೆಹೊಲಕ್ಕೆ ಮಾಲದಂಡಿ ಬಂದಿತು. ಮಾಲದಂಡಿಯನ್ನು ದೂರುವುದು ಸರಿಯಲ್ಲ. ಎಂ. 35-1 ಎಂಬ ಆ ತಳಿಯನ್ನು 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ರೈತರ ನಾಟಿ ಜೋಳದಿಂದಲೇ ಆರಿಸಿ ತೆಗೆದರು. ನಾಟಿ ಬೀಜ ಆಗ ಉಳಿದಿರದಿದ್ದರೆ ಅದೂ ಹುಟ್ಟುತ್ತಿರಲಿಲ್ಲ.

ಸುಮಾರು ಹತ್ತು ವರ್ಷದ ಹಿಂದೆ ಈ ಭಾಗದ ವೃದ್ಧ ರೈತ ಮಹಿಳೆಯೊಬ್ಬರು ಶ್ರಾವಣದಲ್ಲಿ ನನಗೆ ಒಂದು ಸೇರು ಅಳ್ಳಿನ ಜೋಳ ಕೊಟ್ಟರು. ಅದನ್ನು ಗಾಳಿ ಆಡದ ಡಬ್ಬಿಯಲ್ಲಿ ತುಂಬಿ, ಚೀಟಿ ಅಂಟಿಸಿ, ಕೋಣೆಯ ಕಪಾಟಿನಲ್ಲಿಟ್ಟು ನಿಶ್ಚಿಂತನಾದೆ. ಎರಡು ವರ್ಷದ ಮೇಲೆ ನೂರು ಕಾಳು ಮೊಳಕೆಗೆ ಇಟ್ಟರೆ ಹುಟ್ಟಿದ್ದು ಹನ್ನೊಂದು. ಮತ್ತೆ ಅವರಲ್ಲಿಗೆ ಹೋದಾಗ ಬಿತ್ತುವುದನ್ನು ಬಿಟ್ಟಿದ್ದರು. ನೆರೆಯವರ ಬಳಿ ಅದೇ ಹೆಸರಿನ ಬೀಜವಿತ್ತು. ಆದರೆ ಹಂಚಿನಲ್ಲಿ ಹುರಿದರೆ ಅರ್ಧ ಕಾಳು ಅರಳಲಿಲ್ಲ. ಸುತ್ತ ಮಾಲದಂಡಿಯ ನಡುವೆ ಬೆಳೆಯುತ್ತ ಬಂದು ಅದು ಬೆರೆತುಹೋಗಿತ್ತು. ಬೀಜ ಡಬ್ಬಿಯಲ್ಲಿ ಸಾಯುವುದು ಒಂದು ಬಗೆ, ಹೆಸರು ಉಳಿದು ಹೊಲದಲ್ಲಿ ಸಾಯುವುದು ಇನ್ನೊಂದು ಬಗೆ. ಬೀಜ ಬ್ಯಾಂಕು ನಡೆಸುವವರು ಈ ಎರಡನ್ನೂ ತಡೆಯಬೇಕು.

ಒಣಗಿಸುವುದು

ನನ್ನ ತಪ್ಪು ಡಬ್ಬಿಯದಲ್ಲ, ತಿಂಗಳಿನದು. ಬೀಜವು ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ನೀರನ್ನು ಎಳೆದುಕೊಳ್ಳುತ್ತದೆ, ಇಲ್ಲವೆ ಬಿಟ್ಟುಕೊಡುತ್ತದೆ. ಶ್ರಾವಣದ ಹಸಿ ಗಾಳಿಯಲ್ಲಿ ಜೋಳದ ತೇವಾಂಶ ಪ್ರತಿಶತ 13ರ ಮೇಲೆಯೇ ಇರುವುದು ಸಹಜ. ಅದನ್ನು ಹಾಗೆಯೇ ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ. ತೇವಾಂಶ 5ರಿಂದ 14ರ ನಡುವೆ ಇರುವಾಗ ಪ್ರತಿ ಒಂದು ಪ್ರತಿಶತ ಇಳಿದಂತೆ ಬೀಜದ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂದು ಹ್ಯಾರಿಂಗ್ಟನ್ ಎಂಬ ವಿಜ್ಞಾನಿ ಒರಟು ಲೆಕ್ಕ ಹಾಕಿಕೊಟ್ಟಿದ್ದಾರೆ. ಅದರಂತೆ 13ರಲ್ಲಿ ಒಂದು ವರ್ಷ ಬಾಳುವ ಬೀಜ 9ಕ್ಕೆ ಇಳಿದರೆ ಹದಿನಾರು ವರ್ಷ ಬಾಳಬೇಕು. ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ ಬೀಜವನ್ನು ಇನ್ನೂ ಒಣಗಿಸಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಇಡುತ್ತಾರೆ. ಆ ಶೈತ್ಯ ನಮ್ಮ ಊರಿನಲ್ಲಿಲ್ಲ. ಆದರೆ ಒಣ ಗಾಳಿ ಇದೆ.

ಮಾರ್ಚ್ ಕೊನೆಯಿಂದ ಏಪ್ರಿಲ್ ಮುಗಿಯುವವರೆಗೆ ಈ ಸೀಮೆಯ ಮಧ್ಯಾಹ್ನದ ಗಾಳಿ ಎಷ್ಟು ಒಣಗಿರುತ್ತದೆಂದರೆ ನೆರಳಿನಲ್ಲಿ ತೆಳ್ಳಗೆ ಹರವಿದ ಬೀಜ ತಾನಾಗಿಯೇ 9ರ ಆಸುಪಾಸಿಗೆ ಇಳಿಯುತ್ತದೆ. ರಾಶಿ ಮುಗಿದ ಮೇಲೆ ಬೀಜದ ಪಾಲನ್ನು ಚಾಪೆಯ ಮೇಲೆ ನೆರಳಿನಲ್ಲಿ ಹದಿನೈದು ದಿನ ಆರಿಸಬೇಕು, ರಾತ್ರಿ ಮುಚ್ಚಿಡಬೇಕು. ತಗಡಿನ ಮೇಲಾಗಲಿ, ಡಾಂಬರು ರಸ್ತೆಯ ಮೇಲಾಗಲಿ ಹರವಬಾರದು. ಅಲ್ಲಿನ ಕಾವಿಗೆ ಮೊಳಕೆ ಸುಡುತ್ತದೆ. ಡಬ್ಬಿಗೆ ತುಂಬುವ ವೇಳೆ ಮಧ್ಯಾಹ್ನ ಮೂರರ ಸುಮಾರಿಗೆ ಇರಲಿ, ಬೆಳಗಿನ ತಂಪಿನಲ್ಲಿ ಬೇಡ.

ಒಣಗಿದೆಯೋ ಇಲ್ಲವೋ ನೋಡಲು ಉಪ್ಪಿನ ಪರೀಕ್ಷೆ ಇದೆ. ಒಣ ಗಾಜಿನ ಬಾಟಲಿಯಲ್ಲಿ ಬೀಜ ಹಾಗೂ ಹುರಿದು ಆರಿಸಿದ ಪುಡಿ ಉಪ್ಪು ಹಾಕಿ ಕುಲುಕಿ, ಹತ್ತು ನಿಮಿಷ ಬಿಡಬೇಕು. ಉಪ್ಪು ಗಾಜಿಗೆ ಅಂಟಿದರೆ ತೇವಾಂಶ 15ಕ್ಕಿಂತ ಹೆಚ್ಚಿದೆ. ಅಂಟದಿದ್ದರೆ ಸಾಕಷ್ಟು ಒಣಗಿದೆ ಎಂದು ಮಾತ್ರ ತಿಳಿಯಬಾರದು. ಹಲ್ಲಿಗೆ ಕಟ್ಟನೆ ಒಡೆಯುವವರೆಗೆ ಆರಿಸುವುದು ಕ್ಷೇಮ. ಮಳೆಗಾಲದಲ್ಲಿ ಸಿಕ್ಕ ಬೀಜವನ್ನು ಏಪ್ರಿಲ್‌ವರೆಗೆ ಬಟ್ಟೆಯ ಚೀಲದಲ್ಲಿಟ್ಟು ಬೇಸಿಗೆಯಲ್ಲಿ ಆರಿಸಿ ಮುಚ್ಚಬಹುದು, ಅಥವಾ ಸಿಲಿಕಾ ಜೆಲ್ ಬಳಸಬಹುದು.

ಒಂದೇ ದೊಡ್ಡ ಡಬ್ಬಿ ಮಾಡಬಾರದು. ಪ್ರತಿ ಸಾರಿ ತೆರೆದಾಗ ಹಸಿ ಗಾಳಿ ಒಳಹೋಗುತ್ತದೆ. ನೂರು ನೂರು ಗ್ರಾಮಿನ ಪೊಟ್ಟಣಗಳಾದರೆ ಒಂದನ್ನು ತೆರೆದರೂ ಉಳಿದವು ಭದ್ರ. ನೂರು ಗ್ರಾಂ ಹಿಂಗಾರಿ ಜೋಳದಲ್ಲಿ ಸುಮಾರು ಮೂರು ಸಾವಿರ ಕಾಳು ಇರುತ್ತವೆ. ಅಳ್ಳಿನ ಜೋಳದಲ್ಲಿ ಇನ್ನೂ ಹೆಚ್ಚು. ಜವೆ ಗೋದಿಯನ್ನು ಹೊಟ್ಟು ಬಿಡಿಸದೆ ಇಡಬೇಕು, ಬಿತ್ತುವುದೂ ಹಾಗೆಯೇ. ಹಗೇವು ತಿನ್ನುವ ಕಾಳಿಗಾಯಿತು. ಬೀಜಕ್ಕೆ ಅದು ತಕ್ಕ ಜಾಗವಲ್ಲ.

ಹೊಲದಲ್ಲಿ ಕಾಯುವುದು

ವರ್ಷಕ್ಕೊಮ್ಮೆ ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮೊಳಕೆ ಎಣಿಸಬೇಕು: ಗೋದಿಗೆ ಎಂಟನೆಯ ದಿನ, ಜೋಳಕ್ಕೆ ಹತ್ತನೆಯ ದಿನ. 85ಕ್ಕಿಂತ ಇಳಿದ ಕೂಡಲೆ ಆ ಬೀಜವನ್ನು ಬಿತ್ತಿ ಹೊಸದು ಮಾಡಿಕೊಳ್ಳಬೇಕು. ಐವತ್ತಕ್ಕೆ ಇಳಿಯುವವರೆಗೆ ಕಾಯ್ದರೆ ಬದುಕಿದ ಅರ್ಧವಷ್ಟೆ ಮುಂದುವರಿದು ತಳಿಯ ಒಳಗಿನ ವೈವಿಧ್ಯ ಹೋಗುತ್ತದೆ.

ಗೋದಿಯಲ್ಲಿ ಸ್ವಕೀಯ ಪರಾಗಸ್ಪರ್ಶವಾಗುವುದರಿಂದ ಬೇರೆ ಗೋದಿಯಿಂದ 3 ಮೀಟರು ಅಂತರ ಸಾಕು. ಜೋಳದಲ್ಲಿ ಹಾಗಲ್ಲ. ಸಾಮಾನ್ಯವಾಗಿ ಪ್ರತಿಶತ 5ರಿಂದ 15ರಷ್ಟು ಕಾಳು ನೆರೆಯ ಹೊಲದ ಪರಾಗದಿಂದ ಕಟ್ಟುತ್ತವೆ. ಮೂಲ ಬೀಜೋತ್ಪಾದನೆಗೆ 200 ಮೀಟರು ಅಂತರ ವಿಧಿಸಿದ್ದಾರೆ. ಎರೆಹೊಲವೆಲ್ಲ ಜೋಳವೇ ಇರುವ ಊರಿನಲ್ಲಿ ಇದು ಸಾಧ್ಯವಿಲ್ಲವೆಂಬುದು ನನಗೂ ಗೊತ್ತು. ತಡವಾಗಿ ಬಿತ್ತಿ ಹೂವಿನ ಕಾಲ ತಪ್ಪಿಸಬಹುದೆಂದರೆ ಸುಳಿ ನೊಣದ ಕಾಟ, ತೇವವೂ ಸಾಲದು. ಉಳಿದ ದಾರಿ ಕಾಗದದ ಚೀಲ. ತೆನೆ ಹೊರಬಂದು ಹೂ ಬಿಡುವ ಮೊದಲೇ ಚೀಲ ತೊಡಿಸಿ ಬುಡಕ್ಕೆ ಬಿಗಿಯಬೇಕು. ತುದಿಯಲ್ಲಿ ಆಗಲೇ ಹೂ ತೆರೆದಿದ್ದರೆ ಅಷ್ಟನ್ನು ಕತ್ತರಿಸಿ ತೊಡಿಸಬೇಕು. ಹದಿನೈದು ಇಪ್ಪತ್ತು ದಿನದ ಮೇಲೆ ಚೀಲ ತೆಗೆದು ದಾರದ ಗುರುತು ಕಟ್ಟಬೇಕು. ಇಂಥ ನೂರು ತೆನೆ ಬೇಕು. ಚೆಂದ ಕಂಡ ಹತ್ತು ತೆನೆಯನ್ನಷ್ಟೆ ಆರಿಸುವುದು ನಮ್ಮೆಲ್ಲರ ಚಾಳಿ. ಬೀಜ ಬ್ಯಾಂಕಿಗೆ ಅದು ಸಲ್ಲದು. ಬರಕ್ಕೆ ತಾಳುವ ಗುಣ ಯಾವ ಕುಳ್ಳ ಗಿಡದಲ್ಲಿದೆಯೋ ಕಣ್ಣಿಗೆ ತಿಳಿಯುವುದಿಲ್ಲ.

ಜವೆ ಗೋದಿಯ ಮಾತೇ ಇದಕ್ಕೆ ಸಾಕ್ಷಿ. ಖಪ್ಲಿ ಎಂಬ ಹೆಸರಿನಲ್ಲಿ ಭಾರತದಿಂದ ಅಮೆರಿಕೆಗೆ ಹೋದ ಇದೇ ಜಾತಿಯ ಗೋದಿ ಕಾಂಡದ ಭಂಡಾರ ರೋಗವನ್ನು ತಡೆದುಕೊಳ್ಳುವುದೆಂದು ಕಂಡುಬಂದಿತು. 1998ರಲ್ಲಿ ಉಗಾಂಡಾದಲ್ಲಿ ಕಾಣಿಸಿಕೊಂಡ ಯುಜಿ 99 ಎಂಬ ಭಯಂಕರ ಭಂಡಾರಕ್ಕೂ ಅದರ ಎಸ್‌ಆರ್ 13 ಎಂಬ ಗುಣಾಣು ಎದುರು ನಿಲ್ಲುತ್ತದೆ. ಹುಗ್ಗಿಗೆಂದು ಬೆಳೆದವರಿಗೆ ಇದು ತಿಳಿದಿರಲಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1025, ಡಿಡಿಕೆ 1029 ಗಿಡ್ಡ ತಳಿಗಳೂ ಈ ಜಾತಿಯವೇ. ಇಳುವರಿಗೆ ಅವನ್ನು ಬೆಳೆಯಲಿ, ಉದ್ದ ಗಿಡದ ನಾಟಿ ಬೀಜವನ್ನು ಒಂದು ಮಡಿಯಲ್ಲಾದರೂ ಉಳಿಸಿಕೊಳ್ಳಲಿ.

ಹಂಚಿಡುವುದು, ಕೊಡು-ಕೊಳ್ಳುವುದು

2019ರ ಆಗಸ್ಟ್‌ನಲ್ಲಿ ಕೃಷ್ಣೆ ಏರಿ ಅಥಣಿ, ಕಾಗವಾಡ, ಚಿಕ್ಕೋಡಿ ತಾಲೂಕುಗಳ ನದಿಯಂಚಿನ ಊರುಗಳು ಮುಳುಗಿದವು. ಮನೆಯೊಳಗಿನ ಕಾಳೂ ಹೋಯಿತು. ಆದ್ದರಿಂದ ಪ್ರತಿ ತಳಿಯನ್ನು ಮೂರು ಕಡೆ ಇಡತಕ್ಕದ್ದು: ಒಂದು ಊರ ಸಂಘದಲ್ಲಿ, ಒಂದು ನದಿಗೆ ದೂರದ ಇನ್ನೊಂದು ಊರಿನಲ್ಲಿ, ಒಂದು ವಿಶ್ವವಿದ್ಯಾಲಯದ ಮೂಲಕ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ.

ನಡೆಸುವ ಕೆಲಸ ಹೆಣ್ಣುಮಕ್ಕಳ ಸಂಘಕ್ಕೆ ಒಪ್ಪುತ್ತದೆ. ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದವರು ಸಿರಿಧಾನ್ಯಗಳ ಬೀಜ ಬ್ಯಾಂಕು ನಡೆಸಿ, 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆದರು. ಕಾನೂನಿನ ಅಡ್ಡಿಯೂ ಇಲ್ಲ. ತಮ್ಮ ಬೀಜವನ್ನು ಉಳಿಸುವ, ಬಿತ್ತುವ, ಹಂಚುವ, ಬ್ರಾಂಡಿನ ಹೆಸರಿಲ್ಲದೆ ಮಾರುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಹಾಗೂ ರೈತರ ಹಕ್ಕುಗಳ ಕಾಯ್ದೆ ರೈತರಿಗೆ ಕೊಟ್ಟಿದೆ.

ಒಂದು ಸೇರು ಒಯ್ದವರು ಎರಡು ಸೇರು ಮರಳಿಸುವ ಪದ್ಧತಿ ಒಳ್ಳೆಯದು. ಆದರೆ ಮರಳಿ ಬಂದದ್ದನ್ನು ಕಣ್ಣು ಮುಚ್ಚಿ ಡಬ್ಬಿಗೆ ಸುರಿಯಬಾರದು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಎಲ್ಲರೂ ಹೊಲಕ್ಕೆ ಹೋಗುವವರೇ. ಅಂದು ಸಂಘದ ಇಬ್ಬರು ಬೀಜ ಒಯ್ದವರ ಹೊಲ ಸುತ್ತಿ, ಎಷ್ಟು ತೆನೆಗೆ ಚೀಲವಿದೆ, ಬೆರಕೆ ಗಿಡ ಎಷ್ಟು ಎಂಬುದನ್ನು ನೋಡಿ ವಹಿಯಲ್ಲಿ ಬರೆಯಬೇಕು. ವಹಿಯಲ್ಲಿ ತಳಿಯ ಹೆಸರು, ಯಾರಿಂದ ಬಂದಿತು, ಯಾವ ತಿಂಗಳು ಮುಚ್ಚಿದ್ದು, ಮೊಳಕೆ ಎಷ್ಟು, ಯಾರಿಗೆ ಕೊಟ್ಟದ್ದು ಎಂಬ ಕಲಮುಗಳಿರಲಿ. ಅಳ್ಳಿನ ಜೋಳಕ್ಕೆ ಇನ್ನೊಂದು ಕಲಮು ಸೇರಿಸಬೇಕು: ನೂರು ಕಾಳು ಹುರಿದರೆ ಎಷ್ಟು ಅರಳಿದವು.